ಅಮ್ಮ ಯಾವ ಮಾತ್ರೇನೂ ತಗೊಳ್ಳಲ್ಲ

"ಇದೇನಮ್ಮ ಇದು?"

ಇನ್‌ಸ್ಪೆಕ್ಟರಮ್ಮ ಕೇಳಿದರೂ ಬೇಕರಿಯಮ್ಮನ ಮಗಳು ತಕ್ಷಣ ತಲೆ ಎತ್ತಲಿಲ್ಲ. ಯಾರದೋ ಹುಟ್ಟುಹಬ್ಬದ ಕೇಕಿನ ಮೇಲೆ ಸಕ್ಕರೆಯ ಗುಲಾಬಿ ಕೂರಿಸುತ್ತಿದ್ದಳು. ಅಮ್ಮ ಹೋದ ಮೇಲೂ ಆರ್ಡರುಗಳು ನಿಂತಿರಲಿಲ್ಲ. ಬೇಕರಿಯ ಬಾಗಿಲು ನಾಲ್ಕು ದಿನ ಮುಚ್ಚಿದರೆ ಗಿರಾಕಿಗಳು ಪಕ್ಕದ ಬೀದಿಯ ದಾರಿ ಹಿಡಿಯುತ್ತಾರೆ.

ಇನ್‌ಸ್ಪೆಕ್ಟರಮ್ಮ ಕೈಯಲ್ಲಿದ್ದದ್ದನ್ನು ಕೇಕಿನ ಪಕ್ಕದಲ್ಲಿಟ್ಟರು. ಬೆಳ್ಳಿ ಬಣ್ಣದ ಮಾತ್ರೆಯ ಸ್ಟ್ರಿಪ್‌ಗಳು. ಕೆಲವು ಪೂರ್ತಿ ಖಾಲಿ. ಒಂದರಲ್ಲಿ ಮಾತ್ರ ಇನ್ನೂ ಅರ್ಧದಷ್ಟು ಮಾತ್ರೆ ಉಳಿದಿದ್ದವು.

"ಎಲ್ಲಿ ಸಿಕ್ತು ಇದು?" ಎಂದಳು ಮಗಳು.

"ಆ ಮೇಲಿನ ಹಲಗೆಯಲ್ಲಿ, ಹಳೇ ಕೇಕ್ ಅಚ್ಚಿನ ಡಬ್ಬಿಯಲ್ಲಿ. ಬೇರೆ ಅಚ್ಚುಗಳ ಮೇಲೆಲ್ಲ ಬೆರಳು ದಪ್ಪ ಧೂಳು. ಈ ಡಬ್ಬಿಯ ಮುಚ್ಚಳ ಮಾತ್ರ ಫಳಫಳ ಅಂತಿತ್ತು. ದಿನಾ ಯಾರೋ ತೆಗೀತಿದ್ರು."

ಮಗಳು ಗುಲಾಬಿಯನ್ನು ಕೆಳಗಿಟ್ಟಳು. ಸ್ಟ್ರಿಪ್ ಎತ್ತಿಕೊಂಡು ತಿರುಗಿಸಿ ನೋಡಿದಳು.

ಈ ಬೇಕರಿಯ ಯಜಮಾನಿ, ಬೀದಿಗೆಲ್ಲ ಬೇಕರಿಯಮ್ಮ, ಮನೆಯ ಮೆಟ್ಟಿಲ ಮೇಲೆ ಕುಸಿದು ಪ್ರಾಣ ಬಿಟ್ಟು ವಾರದ ಮೇಲಾಗಿತ್ತು. ಜಾರಿ ಬಿದ್ದು ಪಾದದ ಗಂಟು ಮುರಿದು, ಆಪರೇಷನ್ ಆಗಿ, ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಿದ್ದ ಹೆಂಗಸು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಾವು ಬಂತು ಎಂದು ಪೋಸ್ಟ್‌ಮಾರ್ಟಂ ಹೇಳಿತ್ತು. ಇದು ಬರೀ ಹಣೆಬರಹವಲ್ಲ, ಏನೋ ಇದೆ, ಹುಡುಕಿಕೊಡಿ ಎಂದು ರಿಟೈರಾಗಿ ಮನೆಯಲ್ಲಿ ಕೂತಿದ್ದ ಇನ್‌ಸ್ಪೆಕ್ಟರಮ್ಮನ ಬಾಗಿಲು ತಟ್ಟಿದವಳು ಈ ಮಗಳೇ.

ಅಷ್ಟರಲ್ಲಿ ಓವನ್ ಕಡೆಯಿಂದ ಬೇಕರಿಯಮ್ಮನ ಗಂಡ, ಯಜಮಾನರು ಬಂದರು. ಕೈಯಲ್ಲಿ ಬ್ರೆಡ್ಡಿನ ಬಿಸಿ ಟ್ರೇ, ಮೊಣಕೈವರೆಗೆ ದಪ್ಪ ಕೈಗವಸು. ಮೇಜಿನ ಮೇಲಿನ ಸ್ಟ್ರಿಪ್‌ಗಳನ್ನು ನೋಡಿದರು. ಟ್ರೇಯನ್ನು ಎಲ್ಲಿಡಬೇಕೋ ಮರೆತವರಂತೆ ನಿಂತೇ ಇದ್ದರು. ಕೊನೆಗೆ ಮಗಳೇ ಎದ್ದು ಬಟ್ಟೆ ಹಿಡಿದು ಅದನ್ನು ಇಸಿದುಕೊಂಡಳು.

"ಯಜಮಾನ್ರೇ, ಇದು ಯಾರ ಮಾತ್ರೆ?"

ಅವರು ಮೈದಾ ಮೂಟೆಯ ಮೇಲೆ ಕೂತರು. "ಅವಳದು."

"ಯಾವುದಕ್ಕೆ?"

ಮಗಳ ಮುಖ ನೋಡಿದರು, ನೆಲ ನೋಡಿದರು. ಹಿಟ್ಟು ಕಲಸುವ ಯಂತ್ರ ತನ್ನ ಪಾಡಿಗೆ ತಾನು ಗರಗರ ತಿರುಗುತ್ತಿತ್ತು. ಇನ್‌ಸ್ಪೆಕ್ಟರಮ್ಮ ಹೋಗಿ ಅದರ ಸ್ವಿಚ್ ಆರಿಸಿದರು.

"ಎದೆಯಲ್ಲಿ ಗಡ್ಡೆ ಆಗಿತ್ತು ಮೇಡಂ. ಕ್ಯಾನ್ಸರು." ಆ ಶಬ್ದವನ್ನು ಅವರು ತುಂಬ ಮೆಲ್ಲಗೆ ಹೇಳಿದರು, ಗಟ್ಟಿಯಾಗಿ ಹೇಳಿದರೆ ಈಗಲೂ ಯಾರಿಗಾದರೂ ಕೇಳಿಸೀತು ಎಂಬಂತೆ. "ಇವಳು ಕೇಕ್ ಕೆಲಸ ಕಲಿಯೋಕೆ ಬೇರೆ ಊರಲ್ಲಿದ್ದಾಗ. ಆಪರೇಷನ್ ಆಯ್ತು, ರೇಡಿಯೇಷನ್ ಅಂತ ಕರೆಂಟ್ ಕೊಟ್ರು. ವಾಸಿ ಆಯ್ತು. ಆಮೇಲೆ ಮತ್ತೆ ಬರಬಾರದು ಅಂತ ಈ ಮಾತ್ರೆ. ಹಾರ್ಮೋನ್ ತಡೆಯೋದಂತೆ. ವರ್ಷಗಟ್ಟಲೆ ತಗೋಬೇಕು ಅಂದಿದ್ರು. ಒಂದು ದಿನಾನೂ ಬಿಟ್ಟವಳಲ್ಲ."

"ಗರ್ಭಕೋಶದ ತೊಂದರೆ ಅಂದಿದ್ರಲ್ಲಪ್ಪ ನನಗೆ," ಅಂದಳು ಮಗಳು.

"ಅಂದಿದ್ವಿ."

"ಯಾಕೆ?"

"ನಿನ್ನ ಮದುವೆ ಮಾತು ನಡೀತಿತ್ತಲ್ಲ ಪುಟ್ಟಿ. ತಾಯಿಗೆ ಬಂದದ್ದು ಮಗಳಿಗೂ ಬರುತ್ತೆ ಅಂತ ಬೀಗಿತ್ತಿ ಅಂದುಕೊಂಡುಬಿಟ್ರೆ? ಒಳ್ಳೇ ಮನೆ, ಒಳ್ಳೇ ಹುಡುಗ. ಮದುವೆ ಆಗೋವರೆಗೆ ಬಾಯಿ ಬಿಡೋದು ಬೇಡ ಅಂತ ನಿಮ್ಮಮ್ಮನೇ ಆಣೆ ಹಾಕಿಸಿಕೊಂಡಳು."

ಮಗಳು ಸ್ಟ್ರಿಪ್ ಅನ್ನು ಮೇಜಿನ ಅಂಚಿಗೆ ಸರಿಸಿದಳು. ಮಾತಾಡಿದಾಗ ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ.

"ಆಪರೇಷನ್‌ಗೆ ಮುಂಚೆ ಸರ್ಜನ್ ಬಂದು ಕೇಳಿದ್ರು. ದಿನಾ ಏನಾದ್ರೂ ಮಾತ್ರೆ ತಗೋತಾರಾ ಅಂತ. ಅಮ್ಮ ಸುಮ್ಮನೆ ಮಲಗಿದ್ಲು. ನಾನೇ ಹೇಳ್ದೆ. ಅಮ್ಮ ಯಾವ ಮಾತ್ರೇನೂ ತಗೊಳ್ಳಲ್ಲ ಡಾಕ್ಟ್ರೇ ಅಂತ."

"ನಾನು ಅಲ್ಲೇ ನಿಂತಿದ್ದೆ," ಎಂದರು ಯಜಮಾನರು. "ಮಂಚದ ಕಾಲು ಹಿಡ್ಕೊಂಡು ನಿಂತಿದ್ದೆ ಮೇಡಂ. ನೋಡೋಕೆ ಬಂದಿದ್ದ ಬೀಗಿತ್ತಿ ಅಲ್ಲೇ ಕಿತ್ತಳೆ ಸುಲೀತಾ ಕೂತಿದ್ರು. ಹೇಳೋಣ ಅಂದುಕೊಂಡೆ. ಡಾಕ್ಟ್ರು ಹೊರಗೆ ಹೋಗ್ಲಿ, ಹಿಂದೆ ಹೋಗಿ ಕಿವಿಯಲ್ಲಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಸ್ಟ್ರೆಚರ್ ಬಂತು. ಅವಳು ನನ್ನ ಕಡೆ ನೋಡಿ ತಲೆ ಆಡಿಸಿದಳು, ಬೇಡ ಅಂತ. ನನಗೂ ಅಷ್ಟೇ ಸಾಕಾಯ್ತು." ಕೈಗವಸನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. "ನಾನೇ ಕೊಂದೆ. ಹಾಗಂತಲೇ ಬರ್ಕೊಳ್ಳಿ."

"ಹೇಳಿದ್ದು ನಾನು ಅಪ್ಪ. ನೀವಲ್ಲ."

ಇನ್‌ಸ್ಪೆಕ್ಟರಮ್ಮ ಎರಡೂ ಮುಖಗಳನ್ನು ನೋಡಿದರು. ಕೆಲಸದಲ್ಲಿದ್ದಷ್ಟು ಕಾಲ ಅವರು ಕೇಳಿದ್ದು ನಾನಲ್ಲ, ನಾನಲ್ಲ ಎಂಬ ಮಾತನ್ನೇ. ನಾನೇ ಎಂದು ಸಾಲಿನಲ್ಲಿ ನಿಲ್ಲುವ ಮನೆಯನ್ನು ಕಂಡದ್ದು ಇದೇ ಮೊದಲು.

"ಈ ಮಾತ್ರೆ ವಿಷಯ ಯಾರ್‍ಯಾರಿಗೆ ಗೊತ್ತಿತ್ತು?"

"ನನಗೆ, ಅವಳಿಗೆ, ಅವಳ ತಂಗಿಗೆ. ಇನ್ಯಾರಿಗೂ ಇಲ್ಲ."

"ಖಂಡಿತ?"

"ಈ ಮನೆ ಗೋಡೆಗೂ ಗೊತ್ತಿರಲಿಲ್ಲ ಮೇಡಂ."

*

ಮೂರು ಅಂತಸ್ತಿನ ಕಟ್ಟಡ ಅದು. ಕೆಳಗೆ ಬೇಕರಿ, ಮೇಲೆ ಯಜಮಾನರ ಮನೆ, ನಡುವೆ ಬೇಕರಿಯಮ್ಮನ ತಂಗಿಯ ಬ್ಯೂಟಿ ಪಾರ್ಲರ್ ಮತ್ತು ಅವಳ ಪುಟ್ಟ ಕೋಣೆ. ಮೆಟ್ಟಿಲು ಕಡಿದಾಗಿತ್ತು. ಇನ್‌ಸ್ಪೆಕ್ಟರಮ್ಮನ ಮಂಡಿಗೆ ಮೆಟ್ಟಿಲು ಅಂದರೆ ಆಗದು. ಗೋಡೆ ಹಿಡಿದು, ತಮ್ಮ ಇಲಾಖೆಯನ್ನೂ ತಮ್ಮ ವಯಸ್ಸನ್ನೂ ಸಮಸಮವಾಗಿ ಬೈದುಕೊಂಡು ಹತ್ತಿದರು.

ಬೇಕರಿಯಮ್ಮ ಮಲಗುತ್ತಿದ್ದ ಕೋಣೆಯನ್ನು ಯಾರೂ ಮುಟ್ಟಿರಲಿಲ್ಲ. ಕಿಟಕಿಯ ಪಕ್ಕದಲ್ಲಿ ಮಂಚ. ಗೋಡೆಗೆ ಒರಗಿಸಿದ ಊರುಗೋಲು. ಮಂಚದ ಕೆಳತುದಿಯಲ್ಲಿ ಒಂದರ ಮೇಲೊಂದು ಎರಡು ದಿಂಬು, ಕಾಲನ್ನು ಎತ್ತರಕ್ಕೆ ಇಡಲು.

ಮೇಲಿನ ದಿಂಬಿನ ಮೇಲೆ ಒಂದು ಕಂದು ಕಲೆ. ಇನ್‌ಸ್ಪೆಕ್ಟರಮ್ಮ ಬಗ್ಗಿ ಮೂಸಿದರು. ಎಣ್ಣೆ, ಅಡುಗೆಯದ್ದಲ್ಲ. ಹೂವಿನ ವಾಸನೆ ಬೆರೆಸಿದ, ಕಣ್ಣು ಮುಚ್ಚಿಸಿ ಮಲಗಿಸಿ ಬೆನ್ನು ತೀಡುವ ಜಾಗಗಳಲ್ಲಿ ಸಿಗುವಂಥದ್ದು.

ಕಲೆ ಇದ್ದದ್ದು ದಿಂಬಿನ ಮೇಲಂಚಿನಲ್ಲಿ. ಅಂದರೆ ಪ್ಲಾಸ್ಟರ್ ಮುಗಿಯುವ ಜಾಗಕ್ಕಿಂತ ಮೇಲೆ. ಮಂಡಿಯ ಹಿಂದೆ.

"ಕೊನೆ ದಿನಗಳಲ್ಲಿ ಅಮ್ಮನಿಗೆ ಕಾಲು ನೋವಿತ್ತಾ?" ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕೇಳಿದರು.

"ಪ್ಲಾಸ್ಟರ್ ಬಿಗಿ ಆಯ್ತು ಅಂತಿದ್ಲು. ಒಳಗೆ ಸೆಳೀತದೆ ಅಂತಿದ್ಲು. ಬೆರಳು ಊದಿತ್ತು. ಕೆಳಗೆ ಕೆಲಸ, ಮದುವೆ ಓಡಾಟ... ಮುಂದಿನ ವಾರ ಹೇಗೂ ಆಸ್ಪತ್ರೆಗೆ ತೋರಿಸೋಕೆ ಹೋಗಬೇಕಲ್ಲ, ಆವಾಗ ಹೇಳಿದ್ರಾಯ್ತು ಅಂದ್ಲು." ಮಗಳು ಊರುಗೋಲನ್ನು ನೇರವಾಗಿ ನಿಲ್ಲಿಸಿದಳು. ಅದು ಮೊದಲೇ ನೇರವಾಗಿತ್ತು. "ಅವತ್ತು ಬೆಳಿಗ್ಗೆ ಬ್ರೆಡ್ಡು ಸೀದ ವಾಸನೆ ಬರ್ತಿದೆ ಅಂತ ತಾನೇ ಇಳಿಯೋಕೆ ಹೋದಳು. ಅರ್ಧ ಮೆಟ್ಟಿಲಲ್ಲಿ ಉಸಿರು ಸಿಗ್ತಿಲ್ಲ ಅಂದ್ಲು. ಅಷ್ಟೇ."

ಇನ್‌ಸ್ಪೆಕ್ಟರಮ್ಮ ದಿಂಬಿನ ಕವರ್ ತೆಗೆದು ಮಡಚಿ ಚೀಲಕ್ಕೆ ಹಾಕಿಕೊಂಡರು.

*

ಬೇಕರಿಯಮ್ಮನ ಕ್ಯಾನ್ಸರಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರಮ್ಮನಿಗೆ ಯಜಮಾನರು ಮೊದಲೇ ಫೋನ್ ಮಾಡಿ, ಇನ್‌ಸ್ಪೆಕ್ಟರಮ್ಮ ಕೇಳಿದ್ದನ್ನೆಲ್ಲ ಹೇಳಿಬಿಡಿ, ನನ್ನ ಒಪ್ಪಿಗೆ ಇದೆ ಎಂದಿದ್ದರು. ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚುಗಳಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಕೂತಿದ್ದರು. ಒಬ್ಬಾಕೆ ಪಕ್ಕದವಳಿಗೆ ಹೆಣಿಗೆ ಕಲಿಸುತ್ತಿದ್ದಳು.

ಸ್ಟ್ರಿಪ್ ನೋಡಿದೊಡನೆ ಡಾಕ್ಟರಮ್ಮ ಕನ್ನಡಕ ತೆಗೆದರು.

"ಅವರಿಗೆ ಕಾಲು ಮುರಿದದ್ದು, ಆಪರೇಷನ್ ಆದದ್ದು, ತೀರಿಕೊಂಡದ್ದು ಎಲ್ಲ ಯಜಮಾನ್ರು ಹೇಳಿದ್ರು. ಆಗಿನಿಂದ ಅದೇ ತಲೆಯಲ್ಲಿ ತಿರುಗ್ತಿದೆ."

"ಈ ಮಾತ್ರೆಗೂ ಸಾವಿಗೂ ಸಂಬಂಧ ಇದೆಯಾ ಡಾಕ್ಟ್ರೇ?"

"ಮಾತ್ರೆ ಕೆಟ್ಟದ್ದಲ್ಲ. ಅದನ್ನ ಮೊದಲು ತಿಳ್ಕೊಳ್ಳಿ. ಎಷ್ಟೋ ಜನರ ಪ್ರಾಣ ಉಳಿಸಿದೆ, ಇವರದ್ದೂ ಉಳಿಸಿತ್ತು. ಆದರೆ ಈ ಜಾತಿ ಮಾತ್ರೆ ತಗೊಳ್ಳೋರಿಗೆ ರಕ್ತ ಹೆಪ್ಪುಗಟ್ಟೋ ಸಂಭವ ಬೇರೆಯವರಿಗಿಂತ ಜಾಸ್ತಿ. ಓಡಾಡಿಕೊಂಡಿದ್ದಾಗ ಅದು ಅಷ್ಟು ದೊಡ್ಡ ಮಾತಲ್ಲ. ಆದರೆ ಆಪರೇಷನ್ನು, ಪ್ಲಾಸ್ಟರು, ದಿನಗಟ್ಟಲೆ ಮಂಚ... ಇವೆಲ್ಲ ತಾವೇ ರಕ್ತ ಹೆಪ್ಪುಗಟ್ಟಿಸುತ್ತವೆ. ಎರಡೂ ಒಟ್ಟಿಗೆ ಸೇರಿದಾಗ ಹುಷಾರಾಗಿರಬೇಕು."

"ಹುಷಾರು ಅಂದ್ರೆ?"

"ಆಪರೇಷನ್ ಮಾಡೋರಿಗೆ ಹೇಳಬೇಕು, ಅದೇ ಮೊದಲನೇದು. ಹಲ್ಲು ಕೀಳಿಸೋಕೆ ಹೋದರೂ ಹೇಳಿ ಅಂತೀನಿ ನಾನು. ಅವರು ನಮ್ಮನ್ನ ಕೇಳ್ತಾರೆ, ಮಾತ್ರೆ ಕೆಲವು ದಿನ ನಿಲ್ಲಿಸಬೇಕಾ, ರಕ್ತ ತೆಳುವಾಗೋ ಇಂಜೆಕ್ಷನ್ ಕೊಡಬೇಕಾ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡ್ತೀವಿ. ರೋಗಿ ತಾನಾಗೇ ನಿಲ್ಲಿಸಬಾರದು. ಒಂದೇ ಕಾಲು ಊದಿಕೊಂಡರೆ, ಬಿಸಿ ಆಗಿ ನೋವು ಬಂದರೆ ಆವತ್ತೇ ಬರಬೇಕು. ಉಸಿರು ಕಟ್ಟಿದರೆ, ಎದೆ ಹಿಡಿದರೆ ನೇರವಾಗಿ ಎಮರ್ಜೆನ್ಸಿಗೆ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಾಣಿಸಿದರೂ ಸುಮ್ಮನಿರಬಾರದು."

"ಇದೆಲ್ಲ ಅವರಿಗೆ ಹೇಳಿದ್ರಾ?"

"ಹೇಳಿದ್ದೆ. ಮೈ ಧಗಧಗ ಅನ್ನುತ್ತೆ, ಏನಾದರೂ ಕೊಡಿ ಅಂತ ಒಂದು ಸಲ ಬಂದಿದ್ದರು. ಅಕ್ಕಪಕ್ಕದವರು ಹೇಳಿದರು ಅಂತ ಹಾರ್ಮೋನ್ ಇರೋ ಮಾತ್ರೆ ಗೀತ್ರೆ ನುಂಗಬೇಡಿ, ಮನಸ್ಸಿಗೆ ಬೇಜಾರು ಅಂತ ಯಾರಾದರೂ ಮಾತ್ರೆ ಬರೆದರೂ ನನಗೆ ತೋರಿಸಿ, ಕೆಲವು ಇದರ ಶಕ್ತಿ ತಗ್ಗಿಸುತ್ತವೆ ಅಂದೆ. ಎಲ್ಲಾನೂ ತಲೆ ಆಡಿಸಿ ಕೇಳಿಸಿಕೊಂಡರು." ಡಾಕ್ಟರಮ್ಮ ಕನ್ನಡಕವನ್ನು ಒರೆಸಿದರು. "ನಾಲ್ಕು ಜನರ ಮುಂದೆ ಹೇಳೋಕೆ ನಾಚಿಕೆ ಆಗುತ್ತಾ, ಮನೆಯಲ್ಲಿ ಮುಚ್ಚಿಟ್ಟಿದ್ದೀರಾ ಅಂತ ಮಾತ್ರ ಕೇಳಲಿಲ್ಲ. ಕೇಳಬೇಕು ಅಂತ ಹೊಳೀಲೇ ಇಲ್ಲ."

ಇನ್‌ಸ್ಪೆಕ್ಟರಮ್ಮ ಎದ್ದು ನಿಂತರು. ಡಾಕ್ಟರಮ್ಮ ಕೂತೇ ಇದ್ದರು.

"ಇನ್ನೊಂದು ವಿಷಯ. ಹೇಳಲೋ ಬೇಡವೋ ಅಂತಿದ್ದೆ. ಆಪರೇಷನ್ನಿನ ಹಿಂದಿನ ದಿನ ನನಗೊಂದು ಫೋನ್ ಬಂದಿತ್ತು."

ಇನ್‌ಸ್ಪೆಕ್ಟರಮ್ಮ ಮತ್ತೆ ಕೂತರು. "ಯಾರು?"

"ಹೆಂಗಸು. ಮನೆಯವಳು ಅಂದಳು, ಹೆಸರು ಹೇಳಲಿಲ್ಲ. ಬೇಕರಿಯವರಿಗೆ ನಾಳೆ ಕಾಲಿನ ಆಪರೇಷನ್ ಇದೆ, ಈ ಮಾತ್ರೆ ತಗೊಳ್ಳೋರಿಗೆ ಏನಾದರೂ ತೊಂದರೆ ಇದೆಯಾ ಅಂತ ಕೇಳಿದಳು."

"ನೀವೇನು ಹೇಳಿದ್ರಿ?"

ಹೊರಗೆ ಯಾರೋ ಬಾಗಿಲು ತಟ್ಟಿದರು. ಡಾಕ್ಟರಮ್ಮ "ಬಂದೆ, ಒಂದು ನಿಮಿಷ" ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಮೇಜಿನ ಮೇಲಿದ್ದ ಪೆನ್ನನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡರು.

"ಸರ್ಜನ್‌ಗೆ ತಿಳಿಸಿ ಅಂದೆ. ಬೇರೆ ಏನು ಹೇಳ್ತೀನಿ? ಅಷ್ಟೇ."

ಇನ್‌ಸ್ಪೆಕ್ಟರಮ್ಮ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದರು. ವಿಷಯ ಗೊತ್ತಿದ್ದವರು ಮೂವರು. ಅವರಲ್ಲಿ ಒಬ್ಬರು ಮಂಚದ ಮೇಲಿದ್ದರು, ಒಬ್ಬರು ಗಂಡಸು. ಅಪಾಯ ಇದೆ ಎಂದು ಗೊತ್ತಿದ್ದೂ, ಡಾಕ್ಟರ ಬಾಯಿಂದಲೇ ಕೇಳಿದ್ದೂ, ಬಾಯಿ ಮುಚ್ಚಿಕೊಂಡ ಹೆಂಗಸು ಒಬ್ಬಳೇ ಉಳಿದಳು.

*

ಪಾರ್ಲರಿನಲ್ಲಿ ಗಿರಾಕಿ ಇರಲಿಲ್ಲ. ಚಿಕ್ಕಮ್ಮ ಎಂದೇ ಎಲ್ಲರೂ ಕರೆಯುವ ಬೇಕರಿಯಮ್ಮನ ತಂಗಿ ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ಇಡೀ ಬೀದಿಯ ಹುಬ್ಬುಗಳನ್ನು ತಿದ್ದುವ ಕೈ. ಆದರೆ ಅವಳ ಕೂದಲೇ ಎಣ್ಣೆ ಕಾಣದೆ, ಬಾಚಣಿಗೆ ಕಾಣದೆ ಗಂಟುಕಟ್ಟಿಕೊಂಡಿತ್ತು.

"ಬನ್ನಿ ಮೇಡಂ. ಆ ಕುರ್ಚಿ ಬೇಡ, ಅದು ಹಿಂದಕ್ಕೆ ವಾಲುತ್ತೆ. ಈ ಕಡೆ ಕೂತ್ಕೊಳ್ಳಿ."

ಇನ್‌ಸ್ಪೆಕ್ಟರಮ್ಮ ಕೂತುಕೊಂಡು, ಚೀಲದಿಂದ ದಿಂಬಿನ ಕವರ್ ತೆಗೆದು ಕನ್ನಡಿಯ ಮುಂದಿನ ಹಲಗೆಯ ಮೇಲೆ ಹರಡಿದರು. ಅಲ್ಲೇ ಇದ್ದ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟರು. ಎರಡೂ ಒಂದೇ ವಾಸನೆ. ಮಾತೇ ಬೇಕಿರಲಿಲ್ಲ.

ಚಿಕ್ಕಮ್ಮ ನಲ್ಲಿ ನಿಲ್ಲಿಸಿದಳು.

"ಒತ್ತಿದ್ದೆ," ಅಂದಳು. "ನಾನೇ ಒತ್ತಿದ್ದು."

"ಯಾವತ್ತು?"

"ಅಕ್ಕ ಹೋಗೋ ಹಿಂದಿನ ದಿನ ಸಂಜೆ. ಮಂಡಿಯ ಹಿಂದೆ ಹಿಡ್ಕೊಂಡಿದೆ ಕಣೇ, ಒಳಗಿಂದ ಸೆಳೀತದೆ ಅಂದ್ಲು ಅಕ್ಕ. ಮುಟ್ಟಿ ನೋಡಿದರೆ ಆ ತೊಡೆ ಬಿಸಿ, ಈ ತೊಡೆ ತಣ್ಣಗೆ. ಊದಿಕೊಂಡು ಹೊಳೀತಿತ್ತು. ಮಲಗಿ ಮಲಗಿ ಮರಗಟ್ಟಿದೆ, ಎಣ್ಣೆ ಹಾಕಿ ಒತ್ತಿದರೆ ಸಡಿಲ ಆಗುತ್ತೆ ಅಂದೆ. ಎಷ್ಟು ಜನರ ಮೈ ಒತ್ತಿದ ಕೈ ಮೇಡಂ ಇದು! ಎಲ್ಲರೂ ಹಾಯಾಯ್ತು ಅಂತ ಎದ್ದು ಹೋಗ್ತಾರೆ." ಒದ್ದೆ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ಅಕ್ಕಾನೂ ಹಾಯಾಯ್ತು ಅಂದ್ಲು. ನನ್ನ ಸಮಾಧಾನಕ್ಕೆ ಅಂದ್ಲೋ ಏನೋ. ಬೆಳಿಗ್ಗೆ ಎದ್ದು ಹೋಗಿಬಿಟ್ಲು."

"ಊದಿದ ಕಾಲು ಒತ್ತಬಾರದು ಅಂತ ಗೊತ್ತಿರಲಿಲ್ವಾ?"

"ಗೊತ್ತಿದ್ದರೆ ಒತ್ತುತಿದ್ನಾ?"

"ಮಾತ್ರೆ ವಿಷಯ ಗೊತ್ತಿತ್ತಲ್ಲ."

"ಮಾತ್ರೆ ತಗೋತಾಳೆ ಅಂತ ಗೊತ್ತಿತ್ತು. ಕ್ಯಾನ್ಸರ್ ಮಾತ್ರೆಗೂ ಕಾಲಿಗೂ ಏನು ಸಂಬಂಧ ಅಂತ ಯಾರು ನನಗೆ ಹೇಳಿದ್ರು?"

"ಡಾಕ್ಟ್ರು ಹೇಳಿದ್ರಲ್ಲ. ಫೋನಿನಲ್ಲಿ."

ಚಿಕ್ಕಮ್ಮ ಅರ್ಥವಾಗದವಳಂತೆ ನೋಡಿದಳು. "ಯಾವ ಫೋನು?"

"ಆಪರೇಷನ್ನಿನ ಹಿಂದಿನ ದಿನ ನೀವು ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದ್ರಿ. ಸರ್ಜನ್‌ಗೆ ತಿಳಿಸಿ ಅಂತ ಅವರು ಹೇಳಿದ್ರು. ನೀವು ತಿಳಿಸಲಿಲ್ಲ. ಯಾಕೆ?"

"ಅಯ್ಯೋ, ನಾನಾ?" ಚಿಕ್ಕಮ್ಮ ನಗಲು ಹೋದಳು, ಅಳು ಬಂತು. "ಮೇಡಂ, ಒತ್ತಿದ್ದು ನಾನು ಅಂತ ಒಪ್ಪಿಕೊಂಡಿಲ್ವಾ? ಅದಕ್ಕೇ ಏನು ಶಿಕ್ಷೆ ಕೊಡ್ತೀರೋ ಕೊಡಿ. ಆದರೆ ಕೇಳಿಯೂ ಸುಮ್ಮನಿದ್ದೆ ಅಂತ ಮಾತ್ರ ಹೇಳಬೇಡಿ. ನನಗೆ ಆ ಮಾತು ಯಾರಾದ್ರೂ ಹೇಳಿದ್ದಿದ್ರೆ ಬೀಗಿತ್ತಿ ಎದುರಿಗೇ ಕಿರುಚಿ ಹೇಳ್ತಿದ್ದೆ. ಮದುವೆ ಮುರಿದು ಬೀಳ್ಲಿ! ಹುಡುಗ ಇನ್ನೊಬ್ಬ ಸಿಗ್ತಾನೆ. ಅಕ್ಕ ಎಲ್ಲಿ ಸಿಗ್ತಾಳೆ?"

"ನಿಮ್ಮನ್ನ ಬಿಟ್ಟರೆ ವಿಷಯ ಗೊತ್ತಿದ್ದ ಹೆಂಗಸು ಈ ಮನೆಯಲ್ಲಿ ಇನ್ಯಾರೂ ಇಲ್ಲ."

"ಆ ಡಾಕ್ಟರಮ್ಮನ ನಂಬರೇ ನನ್ನ ಹತ್ರ ಇಲ್ಲ. ಬೇಕಿದ್ರೆ ಈಗಲೇ ಫೋನ್ ಮಾಡಿ. ನನ್ನ ದನಿ ಕೇಳಿಸಿ. ಒಂದು ಸಲ ಮಾತಾಡಿದ ದನಿ ಗೊತ್ತಾಗಲ್ವಾ?"

ಇನ್‌ಸ್ಪೆಕ್ಟರಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. ಸುಳ್ಳು ಹೇಳುವವರು ಸಾಮಾನ್ಯವಾಗಿ ಸಾಕ್ಷಿಯನ್ನು ಹೀಗೆ ಮನೆಗೆ ಕರೆಯುವುದಿಲ್ಲ. ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಬಾಚಣಿಗೆಗಳ ಪಕ್ಕದಲ್ಲಿಟ್ಟರು.

ಡಾಕ್ಟರಮ್ಮ ಎತ್ತಿದರು. ಇನ್‌ಸ್ಪೆಕ್ಟರಮ್ಮ ವಿಷಯ ಹೇಳಿದರು. ಚಿಕ್ಕಮ್ಮ ಫೋನಿನ ಹತ್ತಿರ ಬಗ್ಗಿ, ಗಂಟಲು ಸರಿಮಾಡಿಕೊಂಡಳು.

"ಡಾಕ್ಟ್ರೇ, ನಾನು ಬೇಕರಿಯವರ ತಂಗಿ. ನಾನು ಯಾವತ್ತಾದ್ರೂ ನಿಮಗೆ ಫೋನ್ ಮಾಡಿದೀನಾ? ಸರಿಯಾಗಿ ಕೇಳಿಸ್ಕೊಂಡು ಹೇಳಿ, ನಿಮಗೆ ಪುಣ್ಯ ಬರುತ್ತೆ."

"ಇಲ್ಲ," ಎಂದರು ಡಾಕ್ಟರಮ್ಮ. "ಈ ದನಿ ಅಲ್ಲ. ಅವರದ್ದು ಇನ್ನೂ ಎಳೇ ದನಿ. ಮಾತು ನಿಧಾನ."

ಚಿಕ್ಕಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಆರೋಪ ಕಳೆದವಳ ಸಮಾಧಾನ ಮುಖದಲ್ಲಿ ಎಲ್ಲೂ ಇರಲಿಲ್ಲ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಯಾರ ಕಣ್ಣಿಗೂ ಬೀಳಬಾರದು ಎಂಬಂತೆ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಪಾರ್ಲರಿನ ಪರದೆ ಸರಿಯಿತು.

"ಚಿಕ್ಕಮ್ಮ, ಅಪ್ಪ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಾನು ಹೇಳಿದರೆ ಕೇಳಲ್ಲ. ನೀನಾದರೂ ಬಂದು ಹೇಳು."

ಅಷ್ಟು ಹೇಳಿ ಮಗಳು ಇನ್‌ಸ್ಪೆಕ್ಟರಮ್ಮನನ್ನು ನೋಡಿ ನಿಂತಳು. ಅವಳ ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡು.

ಫೋನಿನಿಂದ ಡಾಕ್ಟರಮ್ಮನ ದನಿ ಕೇಳಿಸಿತು. ಮೊದಲಿಗಿಂತ ಸಣ್ಣದಾಗಿತ್ತು.

"ಮೇಡಂ... ಈಗ ಮಾತಾಡಿದ್ದು ಯಾರು?"

ಚಿಕ್ಕಮ್ಮನ ಬಾಯಿ ತೆರೆದೇ ಇತ್ತು. ಅವಳು ಫೋನನ್ನು ನೋಡಿದಳು, ಮಗಳನ್ನು ನೋಡಿದಳು.

"ಪುಟ್ಟಿ? ನಿನಗೆ ಗೊತ್ತಿತ್ತಾ?"

ಮಗಳು ತಟ್ಟೆಯನ್ನು ನಿಧಾನವಾಗಿ ಹಲಗೆಯ ಮೇಲಿಟ್ಟಳು. ಹಿಂದಕ್ಕೆ ತಿರುಗಿ, ಕೆಳಗೆ ಅಪ್ಪನಿಗೆ ಕೇಳಿಸದ ಹಾಗೆ ಬಾಗಿಲು ಹಾಕಿದಳು.

"ಆ ಡಬ್ಬಿ ನನಗೆ ಯಾವತ್ತೋ ಸಿಕ್ಕಿತ್ತು ಚಿಕ್ಕಮ್ಮ. ಅಮ್ಮ ಮುಚ್ಚಿಡೋದು ನನಗೋಸ್ಕರ ಅಂತಾನೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದುಬಿಟ್ಟರೆ ಅವಳಿಗೂ ಸಮಾಧಾನ, ನನಗೂ ಮದುವೆ ಅಂತ ಇದ್ದುಬಿಟ್ಟೆ."

"ಬೆಳಿಗ್ಗೆ ನನ್ನೆದುರು ಆ ಸ್ಟ್ರಿಪ್ ನೋಡಿ ಎಲ್ಲಿ ಸಿಕ್ತು ಅಂತ ಕೇಳಿದೆ," ಎಂದರು ಇನ್‌ಸ್ಪೆಕ್ಟರಮ್ಮ. ಅವರ ದನಿ ಗಡುಸಾಗಿತ್ತು. "ಅಪಾಯ ಇದೆಯಾ ಅಂತ ಹಿಂದಿನ ದಿನ ಫೋನ್ ಮಾಡಿದವಳು, ಸರ್ಜನ್‌ಗೆ ತಿಳಿಸಿ ಅಂತ ಡಾಕ್ಟ್ರು ಹೇಳಿದ ಮೇಲೂ ಮಾರನೇ ದಿನ ಸರ್ಜನ್ ಎದುರು ಯಾವ ಮಾತ್ರೇನೂ ಇಲ್ಲ ಅಂದೆ. ಆಮೇಲೆ ನೀನೇ ನನ್ನ ಬಾಗಿಲಿಗೆ ಬಂದೆ. ಯಾಕೆ?"

"ನಾನಾಗಿ ಹೇಳಿದ್ದರೆ ಯಾರು ನಂಬುತ್ತಿದ್ದರು ಮೇಡಂ? ಅಮ್ಮನನ್ನ ಕೊಂದವಳು ತಪ್ಪನ್ನ ಇನ್ನೊಬ್ಬರ ಮೇಲೆ ಹಾಕ್ತಿದ್ದಾಳೆ ಅಂತಿದ್ರು. ನೀವಾಗಿಯೇ ಹುಡುಕಿಕೊಂಡು ಈ ಡಾಕ್ಟ್ರ ಹತ್ರ ಹೋಗಬೇಕಿತ್ತು. ಫೋನ್ ಬಂದಿತ್ತು ಅಂತ ಅವರ ಬಾಯಿಂದಲೇ ಬರಬೇಕಿತ್ತು." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಅದೇ ನಿಧಾನದ ದನಿ. "ನನ್ನ ಪಾಲಿನ ತಪ್ಪು ನಂದೇ. ಅದನ್ನ ನಾನು ಯಾರಿಗೂ ಕೊಡಲ್ಲ."

ಅವಳು ಬಾಚಣಿಗೆಗಳ ಪಕ್ಕದಲ್ಲಿದ್ದ ಫೋನಿನ ಮೇಲೆ ಬಗ್ಗಿದಳು.

"ಡಾಕ್ಟ್ರೇ, ಕೇಳಿಸ್ತಿದೆ ಅಲ್ವಾ? ಸರ್ಜನ್‌ಗೆ ತಿಳಿಸಿ ಅಂದ್ರಾ? ಆವತ್ತು ಫೋನಿನಲ್ಲಿ ನನಗೆ ನಿಜವಾಗಿ ಏನು ಹೇಳಿದ್ರಿ ಅಂತ ನೀವೇ ಹೇಳ್ತೀರಾ, ಇಲ್ಲ ನಾನು ಹೇಳ್ಲಾ?"

ಆ ಕಡೆ ಒಂದು ಉಸಿರು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

ಇನ್‌ಸ್ಪೆಕ್ಟರಮ್ಮ ಅದೇ ನಂಬರನ್ನು ಮತ್ತೆ ಒತ್ತಿದರು. ಸ್ವಿಚ್ ಆಫ್.